ಲಂಗರಿನ ಮೇಲೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ರೈತು ಬಜಾರಿನಲ್ಲಿ ತರಕಾರಿ ಕೊಂಡು, ಚೀಲ ಹಿಡಿದುಕೊಂಡೇ ಲಾಸನ್ಸ್ ಬೇ ಕಡೆಗೆ ಇಳಿಯುವುದು ನನಗಂಟಿದ ಭಾನುವಾರದ ಚಟ. ದಕ್ಷಿಣಕ್ಕೆ ಡಾಲ್ಫಿನ್ಸ್ ನೋಸ್ ಗುಡ್ಡ ಕಡಲಿಗೆ ಮೂತಿ ಚಾಚಿಕೊಂಡಿರುತ್ತದೆ. ಆಚೆ ಸರಕು ಹಡಗುಗಳು ಬಂದರಿನೊಳಗೆ ಹೋಗಲು ಸರದಿ ಕಾಯುತ್ತಿರುತ್ತವೆ. ನಿಂತ ಹಡಗನ್ನು ನೋಡಿದಾಗಲೆಲ್ಲ ನನಗೆ ಸೆಂಚುರಿಯನ್ ನೆನಪಾಗುತ್ತದೆ.

1804ರ ಸೆಪ್ಟೆಂಬರ್ 15. ಅಂದು ಈ ಊರಿನೆದುರು ಲಂಗರು ಹಾಕಿದ್ದ ಬ್ರಿಟಿಷ್ ಯುದ್ಧನೌಕೆ ಅದು. ಜೊತೆಗೆ ಎರಡು ವ್ಯಾಪಾರಿ ಹಡಗುಗಳು, ಬಾರ್ನಬಿ ಮತ್ತು ಪ್ರಿನ್ಸೆಸ್ ಷಾರ್ಲಟ್. ಫ್ರೆಂಚ್ ನೌಕಾಪತಿ ಲಿನ್ವಾ ಮೂರು ಹಡಗು ತಂದ. ಅವನ ಮರೆಂಗೊ ಒಂದರಲ್ಲೇ 74 ಫಿರಂಗಿ. ಸೆಂಚುರಿಯನ್ನಿನದು 50. ಸಾಲದ್ದಕ್ಕೆ ಕಪ್ತಾನ ಲಿಂಡ್ ದಡದಲ್ಲಿದ್ದ! ಹಡಗಿನಲ್ಲಿದ್ದ ಲೆಫ್ಟಿನೆಂಟ್ ಫಿಲಿಪ್ಸ್ ಕಾಳಗ ಶುರುಮಾಡಿದ. ಲಿಂಡ್ ದೋಣಿಯಲ್ಲಿ ಹೋಗಿ ಸೇರಿಕೊಂಡ. ಚರಿತ್ರೆ ಕಪ್ತಾನನನ್ನು ನೋಡುತ್ತದೆ. ನನ್ನ ಕಣ್ಣು ಮಾತ್ರ ಈ ಅಲೆಗಳ ಮೇಲೆ ಅವನನ್ನು ಒಯ್ದ ಹುಟ್ಟುಗಾರರ ತೋಳುಗಳ ಮೇಲೆ.

ಬಾರ್ನಬಿ ದಡಕ್ಕೆ ಬಡಿದು ಒಡೆಯಿತು, ಷಾರ್ಲಟ್ ಶರಣಾಯಿತು. ಸೆಂಚುರಿಯನ್ನಿನ ಹಾಯಿ, ಹಗ್ಗಗಳೆಲ್ಲ ಚಿಂದಿ. ಅದರ ಫಿರಂಗಿಗಳಲ್ಲಿ ಹೆಚ್ಚಿನವು ಗಿಡ್ಡ ಕೊಳವೆಯವು. ದೂರ ನಿಂತು ಹೊಡೆಯುವವರನ್ನು ಅವು ಮುಟ್ಟಲಾರವು. ಆದರೂ ಅದು ಮುಳುಗಲಿಲ್ಲ. ಲಿನ್ವಾ ಒಂದು ಹಡಗನ್ನು ಕಟ್ಟಿಕೊಂಡು ಹೊರಟುಹೋದ.

ಗೆದ್ದವರಾರೆಂಬ ತಕರಾರು ನನಗೆ ಬೇಡ. ನನ್ನ ಬೆರಗು ಬೇರೆ. 1774ರಲ್ಲಿ ಇಂಗ್ಲೆಂಡಿನ ಹಾರಿಚ್‌ನಲ್ಲಿ ನೀರಿಗಿಳಿದ ಮರ, ಅಮೆರಿಕದ ಯುದ್ಧ ಕಂಡು, ಮಾರಿಷಸ್ ಬಳಿ ಕಾದಾಡಿ, ಮೂವತ್ತು ವರ್ಷ ಉಪ್ಪು ನೀರಿನಲ್ಲಿ ನೆಂದು, ಬರೀ ಗಾಳಿಯ ಹಂಗಿನಲ್ಲಿ ಇಲ್ಲಿಗೆ ಬಂದಿತ್ತಲ್ಲ! ಇಲ್ಲಿಂದ ನಮ್ಮೂರಿಗೆ ರೈಲು ಹತ್ತುವಾಗಲೇ ನಾನು ಎರಡೆರಡು ಸಲ ಟಿಕೆಟ್ ಮುಟ್ಟಿ ನೋಡಿಕೊಳ್ಳುತ್ತೇನೆ.

ಆರ್‌ಕೆ ಬೀಚಿನ ಮರಳ ಮೇಲೆ ಕುರ್ಸುರಾ ಜಲಾಂತರ್ಗಾಮಿ ಇದೆ. 1969ರಲ್ಲಿ ಸೇವೆಗೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, ಮ್ಯೂಸಿಯಂ ಆಯಿತು. ಟಿಕೆಟ್ ಕೊಂಡರೆ ಅದರ ಹೊಟ್ಟೆಯೊಳಗೆ ನಡೆದಾಡಬಹುದು. ಸೆಂಚುರಿಯನ್ನಿಗೆ ಆ ಭಾಗ್ಯವಿರಲಿಲ್ಲ. ಮುಪ್ಪಿನಲ್ಲಿ ಅದನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಆಸ್ಪತ್ರೆ ಹಡಗು ಮಾಡಿದರು. 1824ರ ಫೆಬ್ರವರಿಯಲ್ಲಿ, ಕಟ್ಟಿಹಾಕಿದ್ದ ಜಾಗದಲ್ಲೇ, ಸುತ್ತ ಒಂದೂ ಫಿರಂಗಿ ಮೊಳಗದೆ, ಮುಳುಗಿತು. ಎತ್ತಿ, ಮರುವರ್ಷ ಒಡೆದು ಹಾಕಿದರು.