ತೂಬನ್ನು ಎತ್ತುವ ಕೈ

ಸಮಾಜವಾದಿ ರಾಜ್ಯವನ್ನು ಕುರಿತು ಚರ್ಚಿಸುವಾಗ ನಾವು ಮೊದಲು ಕೇಳುವುದು ಒಡೆತನದ ಪ್ರಶ್ನೆ. ಭೂಮಿ ಯಾರದು, ಜಲ ಯಾರದು, ಯಂತ್ರ ಯಾರದು? ಎಲ್ಲರದು ಎಂಬ ಉತ್ತರಕ್ಕೆ ಮನಸ್ಸು ಬೇಗ ಒಲಿಯುತ್ತದೆ. ಆ ಉತ್ತರ ಉದಾತ್ತವೂ ಹೌದು. ಆದರೆ ಎಲ್ಲರದಾದ ವಸ್ತುವನ್ನು ಪ್ರತಿದಿನ ಯಾರಾದರೂ ಹಂಚಲೇಬೇಕು. ಹಂಚುವವರು ಯಾರು, ಅವರನ್ನು ಕೇಳುವವರು ಯಾರು ಎಂಬಲ್ಲಿಗೆ ಬಂದಾಗ ನಮ್ಮ ಮಾತು ನಿಧಾನವಾಗುತ್ತದೆ. 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ‘ಸಮಾಜವಾದಿ’ ಎಂಬ ಪದ ಸಂವಿಧಾನದ ಪ್ರಸ್ತಾವನೆಯನ್ನು ಸೇರಿತು. ಆಳುವ ಬಗೆ ಮಾತ್ರ ಇಂದಿಗೂ ಚರ್ಚೆಯಲ್ಲೇ ಇದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಮಳೆಯ ದಾರಿ ಕಾಯುವ ತಾಲ್ಲೂಕುಗಳು. ಇಂಥ ಸೀಮೆಯಲ್ಲಿ ಕೆರೆ ಊರಿನ ಸಮಸ್ತರ ಸ್ವತ್ತು. ಅದರ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವೆ ಇಳಿಬಿಟ್ಟ ಗಳುವಿನ ತುದಿಯಲ್ಲೊಂದು ಬಿರಡೆ. ಅದನ್ನು ಎತ್ತಿದರೆ ನೀರು ತೂಬಿನಿಂದ ಅಚ್ಚುಕಟ್ಟಿಗೆ ಹರಿಯುತ್ತದೆ. ಎತ್ತುವ ಅಧಿಕಾರ ನೀರುಗಂಟಿಯದು. ಎಷ್ಟೇ ದೊಡ್ಡ ರೈತನಾದರೂ ಕಾಲುವೆಯನ್ನು ತನ್ನ ಗದ್ದೆಗೆ ತಾನೇ ತಿರುಗಿಸಿಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದ ಬಳಿ ನಿಂತು ನೀರುಗಂಟಿ ತನ್ನ ಆಯವನ್ನು ಪಡೆಯುತ್ತಿದ್ದ. ಕೊನೆಯ ಗದ್ದೆ ಒಣಗಿದರೆ ಅಲ್ಲಿಂದ ಅವನಿಗೆ ಬರಬೇಕಾದ ಕಾಳೂ ಇಲ್ಲ. ನೀರು ಕಡಿಮೆಯಾದ ವರ್ಷದ ರೂಢಿ ಇನ್ನೂ ಗಂಭೀರವಾದದ್ದು. ಬಯಲುಸೀಮೆಯ ಹಲವು ಕೆರೆಗಳ ಕೆಳಗೆ, ತೂಬಿನ ಸಮೀಪದ ಜಮೀನನ್ನಷ್ಟೇ ಬೆಳೆಗೆ ಇಟ್ಟು, ಅದನ್ನೇ ಎಲ್ಲ ರೈತರೂ ಅವರವರ ಪಾಲಿಗೆ ತಕ್ಕಂತೆ ಹಂಚಿಕೊಳ್ಳುತ್ತಿದ್ದರು. ಒಂದು ಬೆಳೆಯ ಅವಧಿಗೆ ಒಡೆತನವೇ ಹಿಂದೆ ಸರಿದು ನಿಲ್ಲುತ್ತಿತ್ತು.

ಇದನ್ನು ಸ್ವರ್ಣಯುಗವೆಂದು ಕಾಣಲಾಗದು. ನೀರುಗಂಟಿ ಸಾಮಾನ್ಯವಾಗಿ ದಲಿತ. ಅಚ್ಚುಕಟ್ಟಿನಲ್ಲಿ ಅವನಿಗೆ ಗದ್ದೆ ಇಲ್ಲದ್ದರಿಂದಲೇ ಅವನ ಕೈ ನಿಷ್ಪಕ್ಷಪಾತವೆಂದು ಊರು ನಂಬಿತ್ತು. ಎಲ್ಲರ ಪೈರಿಗೂ ಸಮನಾಗಿ ನೀರುಣಿಸಿದವನಿಗೆ ಊರೊಳಗೆ ಸಮನಾದ ಸ್ಥಾನವಿರಲಿಲ್ಲ. ನೆನೆದಾಗ ಹೃದಯ ಭಾರವಾಗುತ್ತದೆ. ಸಮತೆಯ ಯಾವ ಸಿದ್ಧಾಂತವೂ ಈ ವ್ಯಥೆಯ ಮುಂದೆ ಒಂದು ಕ್ಷಣ ನಿಂತು ಮುಂದುವರಿಯಬೇಕು.

ಆದರೂ ಆ ವ್ಯವಸ್ಥೆ ಮನುಷ್ಯಸ್ವಭಾವವನ್ನು ಬಲ್ಲದಾಗಿತ್ತು. ನಮ್ಮಲ್ಲಿ ಯಾರ ಕೈಗೆ ತೂಬು ಬಂದರೂ ಕಣ್ಣು ಮೊದಲು ಸ್ವಂತ ಗದ್ದೆಯತ್ತ ಹೊರಳುತ್ತದೆ. ಅದನ್ನು ದುಷ್ಟತನವೆನ್ನಲಾಗದು, ಅದು ಮಮತೆ. ನಾವೆಲ್ಲರೂ ಅದಕ್ಕೆ ಅಧೀನರು. ಹಾಗಾಗಿ ಅಧಿಕಾರ ಹಿಡಿದವರನ್ನು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕೊನೆಯ ಗದ್ದೆಯವನೂ ಇರಬೇಕು. 1871ರ ಪ್ಯಾರಿಸ್ ಕಮ್ಯೂನಿನಲ್ಲಿ ಮಾರ್ಕ್ಸ್ ಮೆಚ್ಚಿದ್ದು ಕಾರ್ಮಿಕನ ಕೂಲಿಯಷ್ಟೇ ವೇತನ ಪಡೆಯುವ, ಜನ ಬಯಸಿದಾಗ ಹಿಂದಕ್ಕೆ ಕರೆಸಿಕೊಳ್ಳಬಹುದಾದ ಪ್ರತಿನಿಧಿಯನ್ನು. 1951ರಲ್ಲಿ ಕಾಗೋಡಿನ ಗೇಣಿದಾರರ ಪರವಾಗಿ ನಿಂತು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಕಲ್ಪಿಸಿದ ರಾಜ್ಯಕ್ಕೆ ನಾಲ್ಕು ಕಂಬಗಳು: ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ. ದೆಹಲಿಯೊಂದೇ ಹೊತ್ತರೆ ಸಮತೆ ಹಳ್ಳಿಯವರೆಗೆ ಇಳಿಯದೆಂಬುದು ಅವರ ನಿಲುವು. ನಮ್ಮ ರಾಜ್ಯದಲ್ಲಿ ಆ ಚಿಂತನೆಗೆ ಸಮೀಪವಾದ ಪ್ರಯೋಗ ಅಬ್ದುಲ್ ನಜೀರ್ ಸಾಬರದು. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗೂ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡ 25 ಸ್ಥಾನಗಳು ಮೀಸಲಾದವು. ಬರದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದ ಆ ಮಂತ್ರಿಯನ್ನು ಜನ ಪ್ರೀತಿಯಿಂದ ನೀರ್ ಸಾಬ್ ಎಂದರು. ನೀರನ್ನೂ ಅಧಿಕಾರವನ್ನೂ ಒಬ್ಬರೇ ಹಳ್ಳಿಗೆ ಹರಿಸಲು ಹೊರಟದ್ದು ಆಕಸ್ಮಿಕವೆನಿಸುವುದಿಲ್ಲ.

ಈಗ ಪಾವಗಡದ ಕಡೆ ನೋಡೋಣ. ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹಬ್ಬಿವೆ. ಅವುಗಳ ಸಾಮರ್ಥ್ಯ 2,050 ಮೆಗಾವಾಟ್. ಭೂಮಿಯನ್ನು ಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಒಡೆತನ ರೈತರಲ್ಲೇ ಉಳಿಯಿತು. ಭೂಸ್ವಾಧೀನದ ಕಹಿಯನ್ನು ಕಂಡ ನಾಡಿನಲ್ಲಿ ಇದು ವಿವೇಕದ ಹೆಜ್ಜೆ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣದಲ್ಲಿ ಪಾಲು ಇರಲಿಲ್ಲ. ಅವರ ಹೆಸರಿನಲ್ಲಿ ಪಹಣಿಯೇ ಇಲ್ಲದಿರುವಾಗ ಒಪ್ಪಂದದಲ್ಲಿ ಹೆಸರು ಬರುವುದೆಂತು? ಇದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಲೆಕ್ಕ ಒಡೆತನದಿಂದ ಆರಂಭವಾದಾಗ ಒಡೆತನವಿಲ್ಲದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಲ್ಲರದು ಎಂದು ಮನಸಾರೆ ಹೇಳುವಾಗಲೂ, ಆ ‘ಎಲ್ಲರ’ ಎಣಿಕೆಯಲ್ಲಿ ನಾವು ಅರಿಯದೆಯೇ ಕೆಲವರನ್ನು ಬಿಟ್ಟಿರುತ್ತೇವೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಜಮೀನು ಇರಲಿ, ಇಲ್ಲದಿರಲಿ. ಮುಂದಿನ ಸಭೆಯ ದಿನ ಗೊತ್ತಾದಾಗ ಹೋಗೋಣ. ಕೂಲಿಗೆ ಹೋಗುವ ನೆರೆಯವರನ್ನೂ ಕರೆದುಕೊಂಡು ಹೋಗೋಣ. ಅವರು ಮಾತು ಮುಗಿಸುವವರೆಗೆ ಎದ್ದು ಬಾರದೆ ಕುಳಿತಿರೋಣ.