ಹುಲಿ ಕೊಟ್ಟ ಸೂಟಿ

ಗೋವಿನ ಹಾಡನ್ನು ಕಲಿಸದ ಕನ್ನಡ ಸಾಲೆಯ ಮಾಸ್ತರ ಇಲ್ಲ. ಕಲಿಸಿದ ಮೇಲೆ ಆತ ಕೇಳುವ ಪ್ರಶ್ನೆಯೂ ಒಂದೇ: ಈ ಕಥೆಯ ನೀತಿ ಏನು? ಸತ್ಯವೇ ದೊಡ್ಡದು ಎಂದು ಹುಡುಗರು ಒಟ್ಟಿಗೆ ಕೂಗುತ್ತಾರೆ. ಪುಣ್ಯಕೋಟಿ ಮಾತು ಉಳಿಸಿಕೊಂಡಳು, ಹುಲಿ ನಾಚಿ ಪ್ರಾಣ ಬಿಟ್ಟಿತು, ಗಂಟೆ ಹೊಡೆಯಿತು, ಪಾಠ ಮುಗಿಯಿತು. ಆದರೆ ಆ ಕಥೆಯೊಳಗೆ ಇನ್ನೆರಡು ಸಂಗತಿ ಸುಮ್ಮನೆ ಕೂತಿವೆ. ಹಸಿದ ಹುಲಿ ಬಾಯಿಗೆ ಬಂದ ತುತ್ತನ್ನು ಬಿಟ್ಟು, ಕರುವಿಗೆ ಮೊಲೆ ಕೊಟ್ಟು ಬಾ ಎಂದು ತಾಯಿಗೆ ಸೂಟಿ ಕೊಡುತ್ತದೆ. ಆ ತಾಯಿ ದೊಡ್ಡಿಗೆ ಬಂದು, ನನ್ನ ಹಿಂದೆ ಈ ಕರುವನ್ನು ನಿಮ್ಮದೆಂದು ನೋಡಿಕೊಳ್ಳಿರಿ ಎಂದು ಉಳಿದ ಹಸುಗಳನ್ನು ಕೇಳಿಕೊಳ್ಳುತ್ತಾಳೆ. ತಾಯಿಯ ಸತ್ಯವನ್ನು ಇಷ್ಟು ಹೊಗಳುವ ನಾವು ಹುಲಿಯ ಸೂಟಿಯ ಬಗ್ಗೆ, ದೊಡ್ಡಿಯ ಹೊಣೆಯ ಬಗ್ಗೆ ಯಾಕೆ ಮಾತಾಡುವುದಿಲ್ಲ?

ಇದೇ ಪ್ರಶ್ನೆಯನ್ನು ಹಿಡಿದು ಸಿಂದಗಿ ಸೀಮೆಯ ಎರಿ ಹೊಲಕ್ಕೆ ಬನ್ನಿ. ಹತ್ತಿ ಬಿಡಿಸುವ ದಿನಗಳು. ಹೆತ್ತು ಒಂದೂವರೆ ತಿಂಗಳಾದ ಹೆಣ್ಣುಮಗಳು ಸಾಲು ಹಿಡಿದಿದ್ದಾಳೆ. ಕೂಲಿ ಬಿಡಿಸಿದ ಹತ್ತಿಯ ತೂಕದ ಮೇಲೆ, ಕೂತರೆ ತೂಕವಿಲ್ಲ. ಕೂಸು ಒಡ್ಡಿನ ಜಾಲಿ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿದೆ. ಅದನ್ನು ತೂಗುತ್ತಿರುವವಳು ಏಳೆಂಟು ವರ್ಷದ ಅಕ್ಕ. ಮಾಸ್ತರ ಗೆಳೆಯರೇ, ನಿಮ್ಮ ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರು ಬೀಳುವ ಹುಡುಗಿ ಇವಳೇ. ಕೂಸು ಅತ್ತರೆ ತಾಯಿಯ ಎದೆ ತಾನೇ ಜಿನುಗಿ ಕುಬಸ ತೊಯ್ಯುತ್ತದೆ. ಆದರೆ ಸಾಲು ನಡುವೆ ಇದೆ, ಒಡ್ಡು ದೂರ ಇದೆ. ಹಾಲು ಕಟ್ಟಿ ಎದೆ ಕಲ್ಲಾದಾಗ, ಜ್ವರ ಬಂದೀತೆಂದು ಹೆದರಿ ಗಿಡದ ಮರೆಗೆ ಹೋಗಿ ಮಣ್ಣಿಗೆ ಹಿಂಡಿ ಬರುವವರಿದ್ದಾರೆ. ಯಾಕವ್ವಾ, ಹೋಗಿ ಕುಡಿಸಿ ಬರಬಾರದಾ ಎಂದರೆ ಉತ್ತರ ಸಿದ್ಧ: ‘ನಾ ಕುಂತ್ರ ಕೂಲಿ ಯಾರ ಕೊಡ್ತಾರ್ರಿ?’

ಇದೇ ಹೊಲದ ಧಣಿಯ ಕೊಟ್ಟಿಗೆಯಲ್ಲಿ ಒಂದು ಕಟ್ಟಳೆ ಉಂಟು. ಆಕಳು ಹಿಂಡುವಾಗ ಒಂದು ಮೊಲೆಯನ್ನು ಕರುವಿಗೆ ಬಿಡಬೇಕು. ಬಿಡದವನನ್ನು ಊರು ಪಾಪಿ ಅನ್ನುತ್ತದೆ. ಒಳ್ಳೆಯ ಕಟ್ಟಳೆ, ನಾನೇನೂ ಹೀಯಾಳಿಸುವುದಿಲ್ಲ. ಆದರೆ ಆ ಕೊಟ್ಟಿಗೆಯ ಸೆಗಣಿ ಬಳಿಯುವ ಹೆಣ್ಣುಮಗಳ ಕೂಸಿಗೆ ಅಂಥ ಕಟ್ಟಳೆ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಕರುವಿಗೆ ಇರುವ ಹಕ್ಕು ಕೇರಿಯ ಕೂಸಿಗೆ ಇಲ್ಲ ಅಂದರೆ, ಈ ಊರಿನ ದಯೆಯ ಲೆಕ್ಕದಲ್ಲಿ ನಾವು ಎಲ್ಲಿ ನಿಂತಿದ್ದೇವೆ?

ತಾಯಿಯ ಹಾಲಿನ ಋಣ ತೀರಿಸಲಾಗದು ಎಂಬ ಮಾತು ನಮ್ಮಲ್ಲಿ ಬಹಳ ಸಸ್ತಾ ಆಗಿದೆ. ಭಾಷಣಕಾರರ ಬಾಯಲ್ಲಿ, ಸಿನಿಮಾದಲ್ಲಿ, ಲಗ್ನಪತ್ರಿಕೆಯಲ್ಲಿ ಕೂಡ. ಈ ಮಾತಿನ ಒಳಗೆ ಒಂದು ಮೋಸ ಇದೆ. ಋಣಿ ಯಾರು? ಕುಡಿದ ಮಗ. ಕೊಟ್ಟವಳು? ತಾಯಿ. ಅಲ್ಲಿಗೆ ಲೆಕ್ಕ ಚುಕ್ತಾ. ಮೂರನೆಯವನು ಯಾರೂ ಇಲ್ಲ. ಆದರೆ ಹಾಲು ಆಕಾಶದಿಂದ ಇಳಿಯುವುದಿಲ್ಲ. ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲು ಆ ಮೈ ಕೊಡಬೇಕಾದರೆ 500-600 ಕ್ಯಾಲರಿಯಷ್ಟು ಹೆಚ್ಚಿನ ಅನ್ನ ಬೇಕು; ನಮ್ಮ ಭಾಷೆಯಲ್ಲಿ ಮೂರು ನಾಲ್ಕು ಜೋಳದ ರೊಟ್ಟಿ ಹೆಚ್ಚು, ಕೊಡಗಟ್ಟಲೆ ನೀರಿನ ಪಾಳಿಯಲ್ಲಿ ಅವಳಿಗೂ ಒಂದು ತಂಬಿಗೆ. ಕೂಸು ಚೀಪಿದಷ್ಟೂ ಹಾಲು ಹುಟ್ಟುತ್ತದೆ, ಚೀಪುವುದು ತಪ್ಪಿದರೆ ಕಡಿಮೆಯಾಗುತ್ತ ಹೋಗುತ್ತದೆ. ಅವಸರ, ಅಂಜಿಕೆ, ದಣಿವು ಇದ್ದಾಗ ಇದ್ದ ಹಾಲೂ ಇಳಿಯಲು ತಡವಾಗುತ್ತದೆ. ಆರು ತಿಂಗಳು ಎದೆಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ದವಾಖಾನೆಯ ಗೋಡೆಯ ಮೇಲೆಯೂ ಬರೆದಿರುತ್ತಾರೆ. ಆದರೆ ಗೋಡೆ ಹೇಳುವುದು ತಾಯಿಗೆ ಮಾತ್ರ. ಅವಳಿಂದ ಹತ್ತು ತಾಸು ದುಡಿಸಿಕೊಂಡವನಿಗೆ ಅದು ಏನೂ ಹೇಳುವುದಿಲ್ಲ. ಅವಳ ಹೊತ್ತು, ಅವಳ ರೊಟ್ಟಿ, ಅವಳ ನಿದ್ದೆ ಯಾರ ಪಾಲಾಯಿತೋ ಅವನು ಆ ಕೂಸಿನ ಹಾಲಿನಲ್ಲಿ ಪಾಲು ಕುಡಿದಿದ್ದಾನೆ. ಹಾಗಾದರೆ ಋಣ ಅವನದೂ ಹೌದು. ಹಾಲೂಡಿಸುವ ತಾಯಿಗೆ ಆಸರೆ ಕೊಡುವುದನ್ನು ಕರುಣೆ ಎಂದು ಕರೆಯುವವರಿಗೆ ನನ್ನ ತಕರಾರು ಇದೇ. ಇದು ವಾಪಸು ಕೊಡಬೇಕಾದ ಬಾಕಿ.

ಎರಡು ಬಾಣಂತನ ನೋಡಿ. ಒಂದು ಮನೆಯಲ್ಲಿ ಸೊಸೆ ತವರಿನಲ್ಲಿ ಐದು ತಿಂಗಳು ಹೊರಸಿನ ಮೇಲೆ; ಕೊಬ್ಬರಿ, ಉತ್ತತ್ತಿ, ಅಂಟಿನುಂಡಿ, ಅಳ್ವಿ ಪಾಯಸ, ಸಬ್ಬಸಗಿ ಪಲ್ಯ, ಎಣ್ಣೆ ನೀರು, ಹೊರಸಿನ ಕೆಳಗೆ ಕೆಂಡ. ಇನ್ನೊಂದು ಮನೆಯಲ್ಲಿ ತವರವ್ವನೇ ಕೂಲಿಗೆ ಹೋಗುತ್ತಾಳೆ, ಮಗಳಿಗೆ ನೀರು ಹಾಕುವವರು ಯಾರು? ಎರಡೂ ಮನೆಯ ಕೂಸಿನ ಬಾಯಿ ಒಂದೇ ಅಳತೆಯದು. ಮೌಢ್ಯ ಮಾತ್ರ ಎರಡೂ ಕಡೆ ಸಮಾನವಾಗಿ ಹಂಚಿಕೆಯಾಗಿದೆ. ಹೆತ್ತ ಮೊದಲ ದಿನಗಳ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಪೂರ್ತಿ ಸತ್ತಿಲ್ಲ. ಆಕಳು ಈದರೆ ಗಿಣ್ಣಕ್ಕೆ ಬೆಲ್ಲ ಹಾಕಿ ಕಾಸಿ ಓಣಿಗೆಲ್ಲ ಹಂಚಿ ತಿನ್ನುವ ನಾವು, ಹೆಣ್ಣುಮಗಳ ಗಿಣ್ಣವನ್ನು ನೆಲಕ್ಕೆ ಚೆಲ್ಲಿ ಕೂಸಿಗೆ ಸಕ್ಕರೆ ನೀರು ನೆಕ್ಕಿಸುತ್ತೇವೆ! ರೋಗಕ್ಕೆ ತಡೆಯಾಗಿ ನಿಲ್ಲುವ ಮೊದಲ ಕಾವಲು ಅದೇ.

ಈ ಬಾಕಿಯ ಮಾತನ್ನು ನಮಗಿಂತ ಬಹಳ ಮೊದಲು ಆಡಿದವರು ಬಾಬಾಸಾಹೇಬರು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅವರು ಅದರ ಪರ ನಿಂತರು. ಹೆರಿಗೆಗೆ ಮುಂಚೆ, ಹೆರಿಗೆಯ ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ. ಆದ್ದರಿಂದ ಅದರ ಭಾರ ಬಹುಪಾಲು ಸರ್ಕಾರದ್ದು. ಹೆಣ್ಣಿನ ದುಡಿಮೆಯಿಂದ ಲಾಭ ಪಡೆಯುವ ಮಾಲಿಕನೂ ಜವಾಬ್ದಾರಿಯಿಂದ ನುಣುಚಿಕೊಳ್ಳಲಾಗದು — ಇದು ಅವರ ವಾದದ ತಿರುಳು. ದಯೆಯ ಭಾಷೆ ಅಲ್ಲ, ಲೆಕ್ಕದ ಭಾಷೆ. 1929ರಲ್ಲಿ ಕಾಯ್ದೆಯಾಯಿತು. ಆಗ ನಮ್ಮ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಆದರೆ ಕಾಯ್ದೆ ಗಿರಣಿಯ ಗೇಟಿನಲ್ಲಿ ನಿಂತಿತು. ಗಿರಣಿಯಲ್ಲಿ ನೂಲು ತೆಗೆದವಳು ತಾಯಿ, ಆ ನೂಲಿನ ಹತ್ತಿಯನ್ನು ಹೊಲದಲ್ಲಿ ಬಿಡಿಸಿದವಳು ತಾಯಿಯಲ್ಲ.

ಗೇಟು ಇವತ್ತಿಗೂ ಅಲ್ಲೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳದ ರಜೆ 26 ವಾರಕ್ಕೆ ಏರಿತು, 50 ಜನರಿದ್ದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಮುಂದುವರಿದಿದೆ. ಒಳ್ಳೆಯದೇ. ಅದೇ 2017ರಲ್ಲಿ ಉಳಿದ ತಾಯಂದಿರಿಗೆ ಬಂದದ್ದು ಮಾತೃವಂದನಾ: ಮೊದಲ ಕೂಸಿಗೆ 5,000 ರೂಪಾಯಿ. ಆಹಾರ ಭದ್ರತಾ ಕಾಯ್ದೆ 2013ರಲ್ಲಿಯೇ 6,000ಕ್ಕೆ ಕಡಿಮೆ ಇರಬಾರದು ಎಂದಿತ್ತು, ಇರಲಿ. 26 ವಾರ ಅಂದರೆ 182 ದಿನ. 5,000ವನ್ನು ಭಾಗಿಸಿ ನೋಡಿ, ದಿನಕ್ಕೆ 27 ರೂಪಾಯಿ ಚಿಲ್ಲರೆ. ವಂದನೆ ದೊಡ್ಡದು, ದುಡ್ಡು ಸಣ್ಣದು. ಅದೇ ವರ್ಷ ಕರ್ನಾಟಕದಲ್ಲಿ ಮಾತೃಪೂರ್ಣ ಶುರುವಾಯಿತು, ಬಸುರಿ ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನ ಬಿಸಿ ಊಟ ಮಾಡಲಿ ಎಂದು. ಯೋಜಿಸಿದವರ ಮನಸ್ಸು ಒಳ್ಳೆಯದಿರಬಹುದು. ಮಧ್ಯಾಹ್ನ ಆಕೆ ಎಲ್ಲಿರುತ್ತಾಳೆ ಎಂದು ಮಾತ್ರ ಯಾರೂ ಕೇಳಿದ ಹಾಗಿಲ್ಲ.

ಊರು ಬಿಟ್ಟವರ ಕತೆ ಇನ್ನೂ ಬ್ಯಾರೆ. ನಮ್ಮ ಸೀಮೆಯ ತಾಂಡಾ, ಕೇರಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವುದು ಹೊಸದೇನಲ್ಲ. ಅಲ್ಲಿ ಗಂಡ ಹೆಂಡತಿ ಕೂಡಿ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಮುಂಗಡ ಇಬ್ಬರ ಮೇಲೂ ಕೂಡಿಯೇ. ಒಂದು ದಿನ ತಪ್ಪಿಸಿದರೆ ‘ಖಾಡಾ’ ಎಂದು ದುಡ್ಡು ಮುರಿಯುತ್ತಾರೆ. ಮುಕಾದಮನ ವಹಿಯಲ್ಲಿ ಬಾಣಂತಿ ಎಂಬ ಕಾಲಂ ಇಲ್ಲ. ಅಲ್ಲಿ ಅತ್ತೆಯಿಲ್ಲ, ಅವ್ವನಿಲ್ಲ, ಪಕ್ಕದ ಮನೆಯಿಲ್ಲ, ಕಬ್ಬಿನ ಸೋಗೆಯ ಗುಡಿಸಲಿದೆ.

ಹಾಲುಡಿಯ ಡಬ್ಬಿ ಮಾರಲು ಬಡ ದೇಶಗಳ ತಾಯಂದಿರನ್ನು ಮರುಳು ಮಾಡಿದ ನೆಸ್ಲೆ ಕಂಪನಿಯ ವಿರುದ್ಧ 1977ರಲ್ಲಿ ಅಮೆರಿಕದಲ್ಲಿ ಬಹಿಷ್ಕಾರ ಎದ್ದಿತು, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರಾಟಕ್ಕೆ ಸಂಹಿತೆ ಮಾಡಿತು, 1992ರಲ್ಲಿ ಭಾರತವೂ ಕಾಯ್ದೆ ತಂದಿತು. ಬೇಕಾಗಿತ್ತು. ಆದರೆ ನಮ್ಮ ಕೇರಿಯ ಕೂಸಿನ ಬಾಯಿಂದ ಮೊಲೆ ಕಿತ್ತದ್ದು ಜಾಹೀರಾತಲ್ಲ, ಕೂಲಿಯ ತಕ್ಕಡಿ. ಬಾಟಲಿ ಹಿಡಿದ ತಾಯಿಯನ್ನು ಕಂಡು ಮೂಗು ಮುರಿಯುವ ಸುಧಾರಕರು ಇದನ್ನು ತಿಳಿಯಬೇಕು. ಹಾಲು ಬಾರದವಳಿದ್ದಾಳೆ, ಕಾಯಿಲೆಯವಳಿದ್ದಾಳೆ, ಬೇಡ ಅನ್ನುವವಳೂ ಇರಬಹುದು. ಅವರ ಮೇಲೆ ಪಾಪದ ಹೊರೆ ಹೊರಿಸಲು ನಮಗೆ ಅಧಿಕಾರವಿಲ್ಲ. ಇನ್ನೊಂದು ಕಡೆ, ಹಾಲೂಡಿಸುವುದನ್ನು ಎತ್ತಿ ಹಿಡಿದರೆ ಹೆಣ್ಣನ್ನು ಮತ್ತೆ ಮನೆಗೆ ಕಟ್ಟಿದಂತೆ ಎಂದು ಕೆಲವು ಗೆಳತಿಯರು ವಾದಿಸುತ್ತಾರೆ. ಅವರ ಅಂಜಿಕೆ ಸುಳ್ಳಲ್ಲ, ತಾಯ್ತನವನ್ನು ಪೂಜಿಸಿಯೇ ಹೆಣ್ಣನ್ನು ಕಟ್ಟಿದ ದೇಶ ಇದು. ಆದರೆ ಕೂಲಿ ಇಲ್ಲವೇ ಕೂಸು, ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವುದು ಸ್ವಾತಂತ್ರ್ಯವೆ? ಕುಡಿಸುವ ಬಿಡುವು ಕೈಯಲ್ಲಿ ಇದ್ದವಳು ಮಾತ್ರ ಒಲ್ಲೆ ಅನ್ನಬಲ್ಲಳು.

ಇನ್ನು ನಮ್ಮ ಚಳವಳಿಯ ಗಂಡಸರ ವಿಷಯ. ಮೋರ್ಚಾಕ್ಕೆ ಹೋಗುವ ನಾವು ಮನೆಯಲ್ಲಿ ಯಾರ ಪಕ್ಷ? ಬಾಣಂತಿಗೆ ಒಂದು ಕೊಡ ನೀರು ತಂದುಕೊಟ್ಟರೆ ಮೀಸೆ ಉದುರುತ್ತದೆಯೆ? ‘ಹಾಲು ಕುಡಿಸೂದು ಹೆಂಗಸರ ಕೆಲಸ’ ಅನ್ನುವವರೇ, ಮೊಲೆ ಮಾತ್ರ ಆಕೆಯದು; ರೊಟ್ಟಿ ಬಡಿಯುವ ಕೈ, ಅರಿವೆ ಒಗೆಯುವ ಕೈ, ರಾತ್ರಿ ಕೂಸನ್ನು ಎತ್ತಿ ತಿರುಗುವ ಹೆಗಲು ನಿಮ್ಮವೂ ಆಗಬಹುದಲ್ಲ. ಕೇರಿಯ ಹೆಂಗಸರು ಇದನ್ನು ಯಾವ ಪುಸ್ತಕ ಓದದೆಯೂ ಮಾಡಿದ್ದಾರೆ. ತಾಯಿ ಹೊಲದಿಂದ ಬರುವುದು ತಡವಾದರೆ ಪಕ್ಕದ ಗುಡಿಸಲಿನ ಬಾಣಂತಿ ತನ್ನ ಕೂಸಿನ ಸಂಗಡ ಅದಕ್ಕೂ ಮೊಲೆ ಕೊಟ್ಟು, ‘ಇದೂ ನಂದ ಬಿಡವಾ’ ಅಂದದ್ದುಂಟು. ಪುಣ್ಯಕೋಟಿ ಬೇಡಿಕೊಂಡ ದೊಡ್ಡಿ ಇದೇ. ಆದರೆ ಹಸಿದವಳು ಹಸಿದವಳಿಗೆ ಎಷ್ಟು ಕೊಟ್ಟಾಳು? ದೊಡ್ಡಿ ತನ್ನ ಕೆಲಸ ಮಾಡಿದೆ, ಹುಲಿ ಮಾಡಿಲ್ಲ.

ಕಬ್ಬಿನ ಹಂಗಾಮಿಗೆ ಗ್ಯಾಂಗು ಕಟ್ಟುವ ಮಾತು ನಮ್ಮೂರುಗಳಲ್ಲಿ ದೀಪಾವಳಿಗೆ ಮುಂಚೆಯೇ ಮುಗಿಯುತ್ತದೆ. ಟನ್ನಿಗೆ ಎಷ್ಟು, ಮುಂಗಡ ಎಷ್ಟು ಎಂದು ಗಂಡಸರು ಕೂತು ಚೌಕಾಸಿ ಮಾಡುತ್ತಾರೆ. ಈ ಸಲ ಆ ಕಟ್ಟೆಯ ಮೇಲೆ ಹೆಂಗಸರೂ ಕೂಡಲಿ. ಕೂಸು ಇದ್ದವಳಿಗೆ ದಿನಕ್ಕೆ ನಾಲ್ಕು ಸಲ ಬಿಡುವು, ಅದಕ್ಕೆ ಖಾಡಾ ಇಲ್ಲ, ಕೂಸು ನೋಡಲು ಗ್ಯಾಂಗಿನ ಒಬ್ಬ ಮುದುಕಿಗೆ ಪೂರಾ ಕೂಲಿ, ನೆರಳಿಗೊಂದು ತಟ್ಟಿ — ಇಷ್ಟನ್ನು ಮುಕಾದಮನ ವಹಿಯಲ್ಲಿ ಮುಂಗಡದ ಮೊದಲು ಬರೆಸಬೇಕು. ಓದಲು ಬರುವ ಮಾಸ್ತರೊಬ್ಬರು ಪಕ್ಕದಲ್ಲಿ ಕೂತು, ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಒಮ್ಮೆ ಓದಿ ಹೇಳಲಿ.