ಇಬ್ಬರು ಲಾಸರರು



ಶುಭಸಂದೇಶಗಳಲ್ಲಿ ಲಾಸರ ಎಂಬ ಹೆಸರಿನವರು ಇಬ್ಬರು ಬರುತ್ತಾರೆ. ಒಬ್ಬನು ಬೆಥಾನಿಯದ ಲಾಸರ. ಮಾರ್ತ, ಮರಿಯರ ಸಹೋದರ, ಯೇಸುಸ್ವಾಮಿಯ ಆಪ್ತಮಿತ್ರ. ಸತ್ತು ನಾಲ್ಕು ದಿನಗಳಾದ ಮೇಲೆ ಸ್ವಾಮಿಯ ಕರೆಗೆ ಓಗೊಟ್ಟು ಸಮಾಧಿಯಿಂದ ಎದ್ದು ಬಂದವನು. ಇನ್ನೊಬ್ಬನು ಯೇಸು ಹೇಳಿದ ಸಾಮತಿಯ ಭಿಕ್ಷುಕ ಲಾಸರ. ಶ್ರೀಮಂತನ ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದುಕೊಂಡಿದ್ದವನು. ಮೊದಲನೆಯವನನ್ನು ನೋಡಲು ಜನ ಜಾತ್ರೆಯಂತೆ ಸೇರಿದರು. ಎರಡನೆಯವನನ್ನು ಆ ಮನೆಯ ಯಜಮಾನನೇ ಕಣ್ಣೆತ್ತಿ ನೋಡಲಿಲ್ಲ.

ಈ ಇಬ್ಬರನ್ನೂ ಅಕ್ಕಪಕ್ಕದಲ್ಲಿ ಇರಿಸಿಕೊಂಡು ಧ್ಯಾನಿಸಬೇಕೆಂದು ನನಗೆ ಅನಿಸಿದ್ದು ಒಂದು ಹಿಂದಿ ಚಲನಚಿತ್ರ ನೋಡಿದಾಗ. ಗುರುಗಳು ಸಿನಿಮಾ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. 1963ರ ಡಿಸೆಂಬರ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಮೂಹ ಮಾಧ್ಯಮಗಳ ಕುರಿತು ಹೊರಡಿಸಿದ ದಾಖಲೆಯು ಪತ್ರಿಕೆ, ಸಿನಿಮಾ, ಬಾನುಲಿ, ದೂರದರ್ಶನಗಳನ್ನು ಸರಿಯಾಗಿ ಬಳಸಿದರೆ ಮಾನವಕುಲಕ್ಕೆ ಒಳಿತಾಗುತ್ತದೆ ಎಂದೇ ಬೋಧಿಸಿದೆ. ಒಳ್ಳೆಯ ಸಿನಿಮಾವೊಂದು ಕೆಲವೊಮ್ಮೆ ಪಾಪನಿವೇದನೆಗೆ ಮುಂಚಿನ ಆತ್ಮಪರಿಶೋಧನೆಯ ಕೆಲಸವನ್ನೂ ಮಾಡಿಬಿಡುತ್ತದೆ.

ನತ್ಥಾನ ಕಥೆ

ಚಿತ್ರದ ಹೆಸರು ‘ಪೀಪ್ಲಿ ಲೈವ್’. 2010ರ ಆಗಸ್ಟ್‌ನಲ್ಲಿ ತೆರೆಕಂಡ ಇದರ ನಿರ್ದೇಶಕಿ ಅನುಷಾ ರಿಜ್ವಿ. ಪೀಪ್ಲಿ ಎಂಬುದು ಒಂದು ಕಾಲ್ಪನಿಕ ಹಳ್ಳಿ. ಅಲ್ಲಿನ ಬಡ ರೈತ ಸಹೋದರರು ಬುಧಿಯಾ ಮತ್ತು ನತ್ಥಾ. ಬ್ಯಾಂಕಿನ ಸಾಲ ತೀರಿಸಲಾಗದೆ ಜಮೀನು ಹರಾಜಿಗೆ ಬರುತ್ತದೆ. ನೆರವು ಕೇಳಲು ಊರಿನ ರಾಜಕೀಯ ಧಣಿಯ ಬಳಿ ಹೋದರೆ, ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಯವರಿಗೆ ಸರ್ಕಾರ ಒಂದು ಲಕ್ಷ ರೂಪಾಯಿ ಕೊಡುತ್ತದೆ, ಹೋಗಿ ಸಾಯಿರಿ ಎಂಬ ಕುಹಕ ಸಿಗುತ್ತದೆ. ಅಣ್ಣ ಬುಧಿಯಾ ಜಾಣತನದಿಂದ ತಮ್ಮನನ್ನೇ ಸಾಯಲು ಒಪ್ಪಿಸುತ್ತಾನೆ. ಚಹಾದಂಗಡಿಯಲ್ಲಿ ಈ ಮಾತು ರಾಕೇಶ್ ಎಂಬ ಸ್ಥಳೀಯ ವರದಿಗಾರನ ಕಿವಿಗೆ ಬೀಳುತ್ತದೆ. ಅವನು ಅದನ್ನು ಪತ್ರಿಕೆಗೆ ಬರೆಯುತ್ತಾನೆ. ಅಲ್ಲಿಂದ ಮುಂದೆ ನತ್ಥಾನ ಬದುಕು ನತ್ಥಾನದಾಗಿ ಉಳಿಯುವುದಿಲ್ಲ.

ಉಪಚುನಾವಣೆಯ ಕಾಲ. ರಾಜಧಾನಿಯಿಂದ ಟಿ.ವಿ. ವಾಹಿನಿಗಳ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಪೀಪ್ಲಿಯಲ್ಲಿ ಜಾತ್ರೆಯೇ ನೆರೆಯುತ್ತದೆ. ಅಧಿಕಾರಿಗಳು ಒಂದು ಕೈಪಂಪು ತಂದು ಅಂಗಳದಲ್ಲಿ ಇಳಿಸಿ ಹೋಗುತ್ತಾರೆ. ನತ್ಥಾ ಬಯಲಿಗೆ ಹೋದರೂ ಕ್ಯಾಮೆರಾ ಬೆನ್ನು ಬಿಡುವುದಿಲ್ಲ. ಅವನು ಕಾಣೆಯಾದಾಗ ಒಬ್ಬ ವರದಿಗಾರ ಅವನ ಮಲವನ್ನು ತೋರಿಸಿ ಅವನ ಮನಃಸ್ಥಿತಿಯನ್ನು ವಿಶ್ಲೇಷಿಸುತ್ತಾನೆ! ನೋಡುವಾಗ ನಗು ಬರುತ್ತದೆ. ನಕ್ಕದ್ದಕ್ಕೆ ಮರುಕ್ಷಣವೇ ನಾಚಿಕೆಯಾಗುತ್ತದೆ. ನತ್ಥಾ ಯಾವಾಗ ಸಾಯುತ್ತಾನೆ ಎಂಬುದೇ ಎಲ್ಲರ ಪ್ರಶ್ನೆ. ಅವನು ಬದುಕುವುದು ಹೇಗೆ ಎಂಬುದು ಯಾರ ಪ್ರಶ್ನೆಯೂ ಅಲ್ಲ. ಇಷ್ಟೆಲ್ಲದರ ನಡುವೆ ನತ್ಥಾ ಮಾತ್ರ ಬಾಯಿ ತೆರೆಯುವುದೇ ಅಪರೂಪ.

ಕಟ್ಟು ಬಿಚ್ಚಿದವನು, ಕಟ್ಟು ಬಿಗಿದವರು

ಈಗ ಬೆಥಾನಿಯಕ್ಕೆ ಬನ್ನಿ. ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯದ ಮೊದಲ ಹನ್ನೊಂದು ವಾಕ್ಯಗಳನ್ನು ಈ ವಾರ ಮನೆಯಲ್ಲಿ ಓದಿರಿ. ಪಾಸ್ಕ ಹಬ್ಬಕ್ಕೆ ಆರು ದಿನಗಳಿವೆ. ಯೇಸು ಆ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾರೆ, ಲಾಸರನೂ ಪಂಕ್ತಿಯಲ್ಲಿದ್ದಾನೆ. ಸುದ್ದಿ ತಿಳಿದು ಜನ ಗುಂಪುಗುಂಪಾಗಿ ಬರುತ್ತಾರೆ. ಅವರಿಗೆ ಯೇಸು ಮಾತ್ರ ಸಾಲದು, ಸತ್ತು ಎದ್ದವನನ್ನೂ ನೋಡಬೇಕು. ಪರಿಣಾಮವೇನು? ಮುಖ್ಯಯಾಜಕರು ಲಾಸರನನ್ನೂ ಕೊಲ್ಲಲು ಆಲೋಚಿಸುತ್ತಾರೆ. ಪಾಪ, ಅವನು ಮಾಡಿದ ಅಪರಾಧ ಒಂದೇ: ಬದುಕಿದ್ದು. ಬೇಡದೆ ಬಂದ ಹೆಸರಿಗೆ ತೆರಬೇಕಾದ ಬೆಲೆ ಅದು. ಗಮನಿಸಿರಿ, ಈ ಲಾಸರ ಒಂದೇ ಒಂದು ಮಾತಾಡಿದ್ದಾಗಿಯೂ ಶುಭಸಂದೇಶದಲ್ಲಿ ಬರೆದಿಲ್ಲ. ಎಲ್ಲರೂ ನೋಡಿದವನ ಮಾತನ್ನು ಕೇಳಿಸಿಕೊಂಡವರು ಯಾರು?

ಹಿಂದಿನ ಅಧ್ಯಾಯದಲ್ಲಿ ಯೇಸು ಅವನ ಸಮಾಧಿಯ ಬಳಿ ಕಣ್ಣೀರಿಟ್ಟಿದ್ದರು. ಅವನು ಹೊರಗೆ ಬಂದಾಗ ಮೈಗೆ ಸುತ್ತಿದ ಬಟ್ಟೆಗಳನ್ನು ಬಿಚ್ಚಿ ಅವನನ್ನು ಹೋಗಗೊಡಲು ಹೇಳಿದ್ದರು. ಸ್ವಾಮಿ ಬಿಚ್ಚಿಸಿದ ಕಟ್ಟನ್ನು ಜನರ ಕುತೂಹಲ ಬೇರೊಂದು ಬಗೆಯಲ್ಲಿ ಮತ್ತೆ ಬಿಗಿಯಿತು.

ಯೇಸುವಿಗೂ ಈ ಅನುಭವ ಹೊಸದಲ್ಲ. ಗುಣವಾದ ಕುಷ್ಠರೋಗಿ ಸುದ್ದಿ ಹರಡಿದ್ದರಿಂದ ಅವರು ಊರೊಳಗೆ ಬಹಿರಂಗವಾಗಿ ಕಾಲಿಡುವುದೇ ಕಷ್ಟವಾಯಿತು (ಮಾರ್ಕ 1:45). ರೊಟ್ಟಿ ತಿಂದ ಜನ ತಮ್ಮನ್ನು ಅರಸನನ್ನಾಗಿ ಮಾಡಲಿದ್ದಾರೆಂದು ತಿಳಿದು ಒಬ್ಬರೇ ಬೆಟ್ಟಕ್ಕೆ ಹೋದರು (ಯೊವಾನ್ನ 6:15). ಗರಿಗಳ ಭಾನುವಾರದ ಜಯಕಾರ ಶುಭ ಶುಕ್ರವಾರದ ವೇಳೆಗೆ ಏನಾಯಿತೆಂದು ನಾವು ಬಲ್ಲೆವು.

ಯಾರೂ ನೋಡದ ಹೋರಿ

ಪೀಪ್ಲಿಯಲ್ಲಿ ಇನ್ನೊಬ್ಬ ರೈತನಿದ್ದಾನೆ, ಹೋರಿ ಮಹತೋ. ಜಮೀನು ಕಳೆದುಕೊಂಡ ಅವನು ದಿನವೂ ಮಣ್ಣು ಅಗೆದು ಮಾರಿ ಹೊಟ್ಟೆ ಹೊರೆಯುತ್ತಾನೆ. ಪ್ರೇಮಚಂದರು 1936ರಲ್ಲಿ ಪ್ರಕಟಿಸಿದ ‘ಗೋದಾನ’ ಕಾದಂಬರಿಯ ಸಾಲಗಾರ ರೈತನ ಹೆಸರೂ ಹೋರಿಯೇ. ಎಪ್ಪತ್ತು ವರ್ಷ ಕಳೆದರೂ ಹೋರಿಯ ಪಾಡು ಬದಲಾಗಲಿಲ್ಲ ಎಂದು ಸಿನಿಮಾ ಸದ್ದಿಲ್ಲದೆ ಹೇಳುತ್ತದೆ. ಒಂದು ದಿನ ಅವನು ತಾನು ಅಗೆದ ಗುಂಡಿಯಲ್ಲಿಯೇ ಸತ್ತು ಬಿದ್ದಿರುತ್ತಾನೆ. ಅಷ್ಟು ಕ್ಯಾಮೆರಾಗಳಲ್ಲಿ ಒಂದೂ ಅತ್ತ ತಿರುಗುವುದಿಲ್ಲ. ರಾಕೇಶನ ಮನಸ್ಸು ಮಾತ್ರ ಕಲಕುತ್ತದೆ. ಈತನ ಸಾವು ಸುದ್ದಿಯಲ್ಲವೇ ಎಂದು ಅವನು ಕೇಳಿದರೆ ಜನರಿಗೆ ಬೇಕಾದವನು ನತ್ಥಾ ಎಂಬಂಥ ಉತ್ತರ ಬರುತ್ತದೆ.

ಇವನೇ ಲೂಕರ 16ನೇ ಅಧ್ಯಾಯದ ಲಾಸರ. ಅವನೂ ಮಾತಾಡುವುದಿಲ್ಲ. ಶ್ರೀಮಂತನು ಅವನನ್ನು ಹೊಡೆಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ಅವನ ಕಣ್ಣಿಗೆ ಆ ಮನುಷ್ಯ ಬೀಳಲೇ ಇಲ್ಲ. ಪಾತಾಳದಲ್ಲಿ ಯಾತನೆಪಡುವಾಗಲಷ್ಟೇ ಕಣ್ಣೆತ್ತಿ ನೋಡುತ್ತಾನೆ. ಆಗ ಕಾಲ ಮಿಂಚಿತ್ತು.

ಹಾಗಾದರೆ ನತ್ಥಾನನ್ನಾದರೂ ಜನ ನೋಡಿದರೇ? ಅದೂ ಇಲ್ಲ. ಕೊನೆಗೆ ನಡೆಯುವ ಗದ್ದಲದಲ್ಲಿ ಬೆಂಕಿ ಹೊತ್ತಿ ರಾಕೇಶ್ ಸಾಯುತ್ತಾನೆ. ಸುಟ್ಟ ದೇಹ ನತ್ಥಾನದೆಂದು ಎಲ್ಲರೂ ತಿಳಿಯುತ್ತಾರೆ. ಅಪಘಾತದ ಸಾವೆಂದು ಪರಿಹಾರವೂ ಸಿಗುವುದಿಲ್ಲ. ಗಾಡಿಗಳು ಹೊರಟುಹೋಗುತ್ತವೆ. ನತ್ಥಾ ದೂರದ ಮಹಾನಗರದಲ್ಲಿ, ಕಟ್ಟಡ ಕೆಲಸದ ಧೂಳಿನಲ್ಲಿ, ಹೆಸರಿಲ್ಲದ ಕೂಲಿಯಾಗಿ ಕುಳಿತಿರುತ್ತಾನೆ. ಅಷ್ಟು ದಿನ ದಿಟ್ಟಿಸಿದವರಿಗೆ ಅವನ ಮುಖವೇ ಗುರುತಿರಲಿಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ನಮಗೆ ಮಾರ್ಟಿನ್ ಬೂಬರ್ ಎಂಬ ಯೆಹೂದಿ ಚಿಂತಕರ ಪಾಠವಿತ್ತು. ಎದುರಿಗಿರುವವನನ್ನು ‘ನೀನು’ ಎಂದು ಕಾಣಬಹುದು, ಇಲ್ಲವೇ ‘ಅದು’ ಎಂದು ಬಳಸಬಹುದು ಎಂದು 1923ರಲ್ಲಿಯೇ ಅವರು ಬರೆದಿದ್ದರು. ಪರೀಕ್ಷೆಯಲ್ಲಿ ನಾನು ಚೆನ್ನಾಗಿಯೇ ಉತ್ತರಿಸಿದ್ದೆ. ಬದುಕಿನಲ್ಲಿ ಸೋತೆ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ತಂದೆಯನ್ನು ಕಳೆದುಕೊಂಡ ಒಂದು ಕುಟುಂಬವಿತ್ತು. ಕ್ರಿಸ್ಮಸ್ ಮುಂಚಿನ ಭಾನುವಾರ ಅವರಿಗಾಗಿ ಹಣ ಸಂಗ್ರಹಿಸಿದೆವು. ಬಲಿಪೂಜೆ ಮುಗಿದ ಮೇಲೆ ನಾನು ತಾಯಿ ಮತ್ತು ಇಬ್ಬರು ಮಕ್ಕಳನ್ನು ಎಲ್ಲರೆದುರು ಕರೆದು ಲಕೋಟೆ ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಯಾರೋ ಫೋಟೊ ತೆಗೆದರು. ಸಂಜೆಯೊಳಗೆ ಅದು ಮೊಬೈಲಿನಿಂದ ಮೊಬೈಲಿಗೆ ಹರಿದು ಎಲ್ಲೆಲ್ಲಿಗೋ ಹೋಯಿತು. ನನ್ನ ಮುಖದಲ್ಲಿ ಒಳ್ಳೆಯ ನಗುವಿತ್ತು.

ಪೂಜೆಗೆ ನೆರವಾಗುತ್ತಿದ್ದ ಹಿರಿಯ ಹುಡುಗ ಮರುವಾರದಿಂದ ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆ. ತಾಯಿ ತಲೆ ತಗ್ಗಿಸಿಕೊಂಡೇ ಹೇಳಿದರು: “ಫಾದರ್, ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಸ್ಕೂಲಲ್ಲಿ ಹುಡುಗ್ರು ಇವನಿಗೆ ‘ಲಕೋಟೆ’ ಅಂತ ಹೆಸರಿಟ್ಟಿದ್ದಾರೆ.” ಹುಡುಗ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ನಾನು ಅವನ ಪಕ್ಕದಲ್ಲಿ ಕುಳಿತು ಕ್ಷಮೆ ಕೇಳಿದೆ. ಅವರು ಬಡಿಸಿದ ಊಟ ಮಾಡಿದೆ. ಆಮೇಲೆ ಅವನು ದೇವಾಲಯಕ್ಕೆ ಬಂದ, ಆದರೆ ಕೊನೆಯ ಬೆಂಚಿನಲ್ಲಿ ಕುಳಿತ. ನಾನು ಅಲ್ಲಿಂದ ವರ್ಗವಾಗುವವರೆಗೂ ಪೀಠದ ಬಳಿಗೆ ಮತ್ತೆ ಬರಲಿಲ್ಲ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಅರ್ಥದ ಸ್ವಾಮಿಯ ಬೋಧನೆಯನ್ನು (ಮತ್ತಾಯ 6:3) ನಾನು ಎಷ್ಟೋ ಸಲ ಪ್ರಸಂಗದಲ್ಲಿ ವಿವರಿಸಿದ್ದೆ. ಅದು ಕೊಡುವವನ ಗರ್ವಕ್ಕೆ ಮದ್ದು ಎಂದಷ್ಟೇ ತಿಳಿದಿದ್ದೆ. ಪಡೆಯುವವನ ಮಾನಕ್ಕೆ ಕಾವಲು ಎಂಬುದನ್ನು ಆ ಹುಡುಗ ಕಲಿಸಿದ.

ಸ್ವಾಮಿಯ ರೀತಿ

ಯಾಯಿರನ ಮಗಳ ಪ್ರಸಂಗವನ್ನು ನೆನೆಯಿರಿ (ಮಾರ್ಕ 5:35-43). ಯೇಸು ಮೊದಲು ಗುಂಪನ್ನು ಹೊರಗೆ ಕಳುಹಿಸುತ್ತಾರೆ. ತಂದೆತಾಯಿ ಮತ್ತು ಮೂವರು ಶಿಷ್ಯರು ಮಾತ್ರ ಒಳಗೆ. ಹುಡುಗಿಯ ಕೈಹಿಡಿದು ಎಬ್ಬಿಸುತ್ತಾರೆ. ಇದನ್ನು ಯಾರಿಗೂ ತಿಳಿಸಬಾರದೆಂದು ಕಟ್ಟಪ್ಪಣೆ ಮಾಡುತ್ತಾರೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಅವರೊಬ್ಬರಿಗೆ ನೆನಪಾಗುವುದು ಮಗುವಿನ ಹಸಿವು. ಆಕೆಗೆ ಊಟ ಕೊಡಲು ಹೇಳುತ್ತಾರೆ. ಬೆಥಾನಿಯದಲ್ಲಿ ಜನ ಲಾಸರನನ್ನು ನೋಡಲು ಬಂದರು, ಯೇಸು ಅವನೊಡನೆ ಊಟಕ್ಕೆ ಕುಳಿತರು. ನೋಟಕ್ಕೂ ಪ್ರೀತಿಗೂ ಇರುವ ಅಂತರ ಇಷ್ಟೇ.

ಪ್ರಿಯ ತಂದೆತಾಯಂದಿರೇ, ಇಂದು ಟಿ.ವಿ. ಗಾಡಿ ಬೇಕಾಗಿಲ್ಲ, ನಮ್ಮೆಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ರಸ್ತೆಯಲ್ಲಿ ಬಿದ್ದವನನ್ನು, ಅಳುತ್ತಿರುವ ವಿಧವೆಯನ್ನು, ಕುಡಿದು ತೂರಾಡುವ ನೆರೆಯವನನ್ನು, ತಪ್ಪು ಮಾಡಿದ ಹುಡುಗಿಯನ್ನು ಒಂದು ಕ್ಷಣದಲ್ಲಿ ನತ್ಥಾ ಮಾಡಿಬಿಡಬಲ್ಲೆವು. ಕೈ ಮೊಬೈಲಿಗೆ ಹೋಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇವನು ನನ್ನ ಅಣ್ಣನಾಗಿದ್ದರೆ ಇದನ್ನು ತೆಗೆಯುತ್ತಿದ್ದೆನೇ? ನಮ್ಮ ಮಕ್ಕಳ ತಪ್ಪುಗಳನ್ನೂ ಸೋಲುಗಳನ್ನೂ ನೆಂಟರ ನಡುವೆ ನಗೆಪಾಟಲು ಮಾಡದಿರೋಣ. ಸಂಘಗಳು ನೆರವು ನೀಡುವಾಗ ಸಂಜೆ ಹೊತ್ತು ಮನೆಗೆ ಹೋಗಿ, ಕುಳಿತು, ನೀರು ಕುಡಿದು, ಕೊಟ್ಟು ಬರಲಿ.

ಇನ್ನೊಂದು ಮಾತು. ಸಾಲದಿಂದಲೋ ಅವಮಾನದಿಂದಲೋ ಕುಗ್ಗಿ, ಸಾಯುವ ಮಾತಾಡುವವರು ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಸುದ್ದಿಯನ್ನೂ ಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಜೊತೆಯಲ್ಲಿ ಕುಳಿತು ಕೇಳಿಸಿಕೊಳ್ಳಿ, ವೈದ್ಯರ ಬಳಿಗೆ ಕರೆದೊಯ್ಯಿರಿ, ನಮ್ಮನ್ನೂ ಕರೆಯಿರಿ. ಹಾಗೆ ಅಗಲಿದವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಧರ್ಮಸಭೆ ಬೋಧಿಸುತ್ತದೆ, ಅವರಿಗಾಗಿ ಪ್ರಾರ್ಥಿಸುತ್ತದೆ. ಅಗಲುವ ಮೊದಲೇ ಅವರ ಪಕ್ಕದಲ್ಲಿ ಕೂರಬೇಕಾದವರು ನಾವು.

ಪ್ರಭುವೇ, ಗುಂಪಿನ ನಡುವೆ ಸಿಕ್ಕಿಕೊಂಡವನನ್ನೂ ಬಾಗಿಲಲ್ಲಿ ಬಿದ್ದವನನ್ನೂ ಹೆಸರು ಹಿಡಿದು ಬಲ್ಲವರು ನೀವು. ನಮ್ಮ ಕಣ್ಣುಗಳಿಗೆ ನಾಚಿಕೆಯನ್ನು ಕಲಿಸಿರಿ, ನಮ್ಮ ಪಂಕ್ತಿಯಲ್ಲಿ ಇನ್ನೊಬ್ಬರಿಗೆ ಎಡೆ ಮಾಡಿರಿ. ಆಮೆನ್.